ಜೇಬಲ್ಲೇ ಉಳಿದ ಸಕ್ಕರೆ ಪೊಟ್ಟಣ

ಗಂಡ ಹೆಂಡ್ತಿ ಇಬ್ರೂ ನನ್ನ ಹತ್ರ ಕೌನ್ಸೆಲಿಂಗಿಗೆ ಬಂದಿದ್ರು, ಮಾತಾಡಿದ್ದು ಮಾತ್ರ ಅಕ್ಕಾರು. "ಮೇಡಂ, ಇವ್ರ ಸೈಕಲ್ ಹುಚ್ಚು ಬಿಡಿಸ್ರಿ, ನಾನಂತೂ ಎರಡೂ ಗಾಲಿ ಗಾಳಿ ಬಿಟ್ಟು ಪಂಪನ್ನ ಅಕ್ಕಿ ಡ್ರಮ್ಮಲ್ಲಿ ಹೂತಿಟ್ಟೀನಿ" ಅಂದ್ರು. ಅಣ್ಣಾರು ತಲೆ ಎತ್ತಲಿಲ್ಲ. ದಾವಣಗೆರೆಯೋರೇ, ವಯಸ್ಸು 45 ದಾಟಿದೆ, ಸ್ವಂತ ಅಂಗಡಿ, 8 ವರ್ಷದಿಂದ ಶುಗರ್, ಎರಡು ಥರದ ಮಾತ್ರೆ. ಗುರುತು ಸಿಗೋ ವಿವರ ಬದಲಾಯ್ಸಿದೀನಿ, ಇಬ್ರನ್ನೂ ಕೇಳಿಯೇ ಬರೀತಿದೀನಿ.

ವಿಷಯ ಏನಂದ್ರೆ ಅವ್ರ ಗೆಳೆಯರೆಲ್ಲ ಸೇರಿ ನವೆಂಬರ್‌ನಲ್ಲಿ ಇಲ್ಲಿಂದ ಚಿತ್ರದುರ್ಗದ ಕೋಟೆವರೆಗೆ, ಹೆಚ್ಚುಕಮ್ಮಿ 60 ಕಿಲೋಮೀಟರ್, ಸೈಕಲ್ ತುಳಿದು ದುಡ್ಡು ಎತ್ತಾದು ಅಂತ ಮಾಡಿದ್ರು. ದುಡ್ಡು ಟೈಪ್ 1 ಶುಗರ್ ಇರೋ ಬಡ ಮಕ್ಕಳ ಇನ್ಸುಲಿನ್‌ಗೆ. ನವೆಂಬರ್ 14 ವಿಶ್ವ ಮಧುಮೇಹ ದಿನ ಅಲ್ವಾ, ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಹುಟ್ಟಿದ ದಿನ, ಅದಕ್ಕೆ ಆ ವಾರಾನೇ ಗೊತ್ತು ಮಾಡಿದ್ರು. ಅಣ್ಣಾರು ಮೊದ್ಲು ಕುಂದವಾಡ ಕೆರೆ ಕಡೆ ಬೆಳಿಗ್ಗೆ ಬೆಳಿಗ್ಗೆ ತುಳಿದು, ಆಮೇಲೆ ಹೈವೇ ಸರ್ವೀಸ್ ರೋಡಲ್ಲಿ ಆನಗೋಡಿನವರೆಗೂ ಹೋಗಿ ಬರೋಕೆ ಶುರು ಮಾಡಿದ್ರು.

ಆನಗೋಡು ಹತ್ರಾನೇ ಅವತ್ತು ಆಗಿದ್ದು. ಮಾತ್ರೆ ನುಂಗಿ, ತಿಂಡಿ ತಿನ್ನದೇ ಹೊರಟಿದ್ರು, ಹೊಟ್ಟೆ ಖಾಲಿ ಇದ್ರೆ ತೂಕ ಬೇಗ ಇಳಿಯುತ್ತೆ ಅಂತ ಯಾರೋ ಹೇಳಿದ್ರಂತೆ. ಕೈ ನಡುಗಿ, ತಣ್ಣನೆ ಬೆವರು ಬಂದು, ನಾಲಿಗೆ ದಪ್ಪ ಆದಂಗಾಗಿ ಮೋರಿ ಕಟ್ಟೆ ಮೇಲೆ ಕೂತುಬಿಟ್ರು. ಗೆಳೆಯರು ಬಿಸಿಲಿಗೆ ಸುಸ್ತಾಗಿದೆ ಅಂದ್ಕೊಂಡು ನೀರು ಕುಡಿಸಿದ್ರು, ಪಕ್ಕದ ಚಾ ಅಂಗಡಿ ಅಜ್ಜಿ ಮುಖ ನೋಡಿದ ಕೂಡ್ಲೇ ಸಕ್ಕರೆ ಹೆಚ್ಚಿಗೆ ಹಾಕಿ ಚಾ ಕೊಟ್ಟಿದ್ದಕ್ಕೆ ಸುಧಾರಿಸಿಕೊಂಡ್ರು. ಅದೇ ಹೆದರಿಕೆಗೆ ಊರಿಗೆ ಬಂದು ಮೂರು ಬೆಣ್ಣೆ ದೋಸೆ ತಿಂದು, ಮಧ್ಯಾಹ್ನ ನೋಡಿದ್ರೆ ಶುಗರ್ 286. ಅಕ್ಕಾರು ಗಾಳಿ ಬಿಟ್ಟಿದ್ದು ಅವತ್ತು ಸಂಜೆ.

ಎರಡನೇ ಸಿಟ್ಟಿಂಗಿಗೆ ಅಣ್ಣಾರನ್ನ ಒಬ್ರನ್ನೇ ಕರೆದೆ. ಅವತ್ತು ಜೇಬಲ್ಲಿ ತಿನ್ನಾಕೆ ಏನೂ ಇರಲಿಲ್ವಾ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ನಿದ್ದು, ಬ್ಯಾಗಿನ ಸಂದಿಯಿಂದ ಪೇಪರ್ ಪೊಟ್ಟಣ ತೆಗೆದು ಮೇಜಿನ ಮೇಲಿಟ್ರು. ಸಕ್ಕರೆ. ಬೆವರಿಗೆ ನೆನೆದು, ಆಮೇಲೆ ಒಣಗಿ ಕಲ್ಲಾಗಿ, ಪೇಪರಿನ ಅಕ್ಷರ ಎಲ್ಲ ಅದಕ್ಕೆ ಮೆತ್ಕೊಂಡಿತ್ತು. "ಇತ್ತು ಮೇಡಂ. ಎಲ್ಲಾರೂ ನೋಡ್ತಿದ್ರು, ಅದಕ್ಕೆ ತೆಗೀಲಿಲ್ಲ."

8 ವರ್ಷ ಆದ್ರೂ ಒಬ್ಬ ಗೆಳೆಯನಿಗೂ ಹೇಳಿಲ್ಲ. ಶುಗರ್ ಇರೋ ಮಕ್ಕಳಿಗೆ ಅಂತ ಮನೆಮನೆಗೆ ಹೋಗಿ ದುಡ್ಡು ಕೇಳಿದೋರು, ತಮಗೂ ಐತೆ ಅನ್ನೋ ಮಾತು ಮಾತ್ರ ಬಾಯಿಂದ ಹೊರಡಲ್ಲ. ಅವ್ರ ತಂದೆಗೆ ಇದೇ ಕಾಯಿಲೆಗೆ ಮೊಣಕಾಲಿಂದ ಕೆಳಗೆ ಕಾಲು ತೆಗೆದಿದ್ರು, ಆಮೇಲೆ ಓಣಿ ಜನ ಅವ್ರ ಹೆಸರನ್ನೇ ಮರೆತು ಕುಂಟ ಅಂತ ಕರೆದಿದ್ದು ಇವ್ರ ಕಿವೀಲಿ ಇನ್ನೂ ಐತೆ. ನನಗೆ ಅಲ್ಲೇ ಗೊತ್ತಾಯ್ತು, ಇಲ್ಲಿ ಸೈಕಲ್ ಬಿಡಿಸೋದಲ್ಲ ಕೆಲಸ, ಆ ಪೊಟ್ಟಣ ನಾಲ್ಕು ಜನರ ಎದುರಿಗೆ ಬಿಚ್ಚೋ ಹಾಗೆ ಮಾಡೋದು.

ಮಾತ್ರೆ ವಿಷಯ ನಾನು ಮುಟ್ಟಲಿಲ್ಲ, ಡಾಕ್ಟರ ಹತ್ರಾನೇ ಕಳಿಸಿದೆ. ಅವತ್ತು ಯಾಕೆ ಶುಗರ್ ಇಳೀತು ಅಂತ ಮಾತ್ರ ಬಿಡಿಸಿ ಹೇಳಿದೆ: ಇವ್ರ ಎರಡು ಮಾತ್ರೇಲಿ ಮೆಟ್‌ಫಾರ್ಮಿನ್ ಒಂದೇ ಆದ್ರೆ ಶುಗರ್ ಹೀಗೆ ಕುಸಿಯೋದು ಅಪರೂಪ, ಆದ್ರೆ ಇನ್ನೊಂದು ಮಾತ್ರೆ ಗ್ಲಿಮಿಪಿರೈಡ್, ಊಟ ಮಾಡಿದ್ರೂ ಬಿಟ್ರೂ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸ್ತಾನೇ ಇರುತ್ತೆ, ಅದರ ಜೊತೆಗೆ ತುಳಿಯೋ ಕಾಲಿನ ಸ್ನಾಯು ರಕ್ತದಲ್ಲಿರೋ ಸಕ್ಕರೆ ಎಳ್ಕೊಳ್ಳುತ್ತೆ. ನಿಲ್ಲಿಸಿದ ಮೇಲೂ ಖಾಲಿಯಾದ ಸ್ನಾಯು ಸಕ್ಕರೆ ತುಂಬ್ಕೊಳ್ತಾ ಇರೋದ್ರಿಂದ ರಾತ್ರಿ ಮಲಗಿದಾಗಲೂ ಶುಗರ್ ಇಳೀಬಹುದು. ಡಾಕ್ಟ್ರು ಸವಾರಿ ದಿನದ ಮಾತ್ರೆ ಬದಲಾಯ್ಸಿಕೊಟ್ರು. ಎಷ್ಟು ಅಂತ ಇಲ್ಲಿ ಬರೆಯಲ್ಲ, ದಯವಿಟ್ಟು ಯಾರೂ ಇದನ್ನ ಓದಿ ನಿಮ್ಮ ಮಾತ್ರೆ ನೀವೇ ಕಮ್ಮಿ ಮಾಡ್ಕೋಬೇಡಿ. ಕಣ್ಣು, ಪಾದ ಎರಡನ್ನೂ ಪರೀಕ್ಷೆ ಮಾಡಿಸಿ ಆಮೇಲೆ ಹೊರಡಿ ಅಂದ್ರಂತೆ.

ಡಾಕ್ಟ್ರು ಹೇಳಿದ್ದನ್ನ ಕೂತು ಒಂದು ಚೀಟಿ ಮಾಡಿದ್ವಿ. ಹೊರಡೋ ಮುಂಚೆ ಮಿಷನ್ನಲ್ಲಿ ಶುಗರ್ ನೋಡಾದು, 90ಕ್ಕಿಂತ ಕಮ್ಮಿ ಇದ್ರೆ ಏನಾದ್ರೂ ತಿಂದೇ ಹೊರಡಾದು, 250 ದಾಟಿದ್ರೆ ಅವತ್ತು ಸೈಕಲ್ ಬೇಡ, ಡಾಕ್ಟರಿಗೆ ಫೋನು. ದಾರೀಲೂ ಗಂಟೆಗೊಮ್ಮೆ ನೋಡಾದು. 70ಕ್ಕಿಂತ ಇಳಿದ್ರೆ ಅಲ್ಲೇ ನಿಂತು ಮೂರು ಚಮಚ ಗ್ಲುಕೋಸ್ ಪುಡಿ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಾದು, ಏರಿಲ್ಲ ಅಂದ್ರೆ ಇನ್ನೊಮ್ಮೆ ಕುಡಿಯಾದು, ಏರಿದ ಮೇಲೆ ಬಾಳೆಹಣ್ಣೋ ಮಂಡಕ್ಕಿನೋ. ದೋಸೆ, ಮಿರ್ಚಿ ಆ ಹೊತ್ತಿಗೆ ಕೆಲಸಕ್ಕೆ ಬರಲ್ಲ, ಬೆಣ್ಣೆ ಎಣ್ಣೆ ಇದ್ರೆ ಸಕ್ಕರೆ ರಕ್ತಕ್ಕೆ ಸೇರೋದು ತಡ ಆಗುತ್ತೆ. ಗೆಳೆಯರಿಗೆ ಒಂದೇ ಮಾತು, ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕ್ದೆ 108ಕ್ಕೆ ಫೋನ್ ಮಾಡ್ರಿ ಅಂತ.

ಆದ್ರೆ ತಮಗೆ ಶುಗರ್ ಐತೆ ಅಂತ ಗೆಳೆಯರಿಗೆ ಹೇಳೋದೇ ಅವ್ರಿಗೆ ಗುಡ್ಡ ಹತ್ತಿದಂಗಾಗಿತ್ತು. ನನ್ನ ರೂಮಲ್ಲೇ ಆರೇಳು ಸಲ ಹೇಳಿ ನೋಡಿದ್ರು, ಪ್ರತಿ ಸಲ "ಸ್ವಲ್ಪ ಐತೆ" ಅಂತಿದ್ರು. ಸ್ವಲ್ಪ ಅನ್ನೋದು ಬಿಡಿ ಅಣ್ಣಾರೆ ಅಂದೆ. ಕೊನೆಗೆ ಒಂದು ಭಾನುವಾರ ಸೈಕಲ್ ಹತ್ತೋ ಮುಂಚೆ ಎಲ್ಲಾರ ಎದುರಿಗೇ ಬೆರಳಿಗೆ ಸೂಜಿ ಚುಚ್ಚಿದ್ರಂತೆ, ಅಷ್ಟರಲ್ಲೇ ಎಲ್ಲಾರಿಗೂ ಗೊತ್ತಾಯ್ತು.

ಅಕ್ಕಾರಿಗೆ ಪೊಲೀಸ್ ಕೆಲಸ ಬಿಟ್ಟುಬಿಡಿ ಅಂದೆ. ಗಂಟೆಗೊಮ್ಮೆ ನಂಬರ್ ಎಷ್ಟು ಅಂತ ಅಣ್ಣಾರೇ ಫೋಟೋ ಕಳಿಸ್ತಾರೆ, ಫೋಟೋ ಬಂದ್ರೆ ನೀವು ಫೋನ್ ಮಾಡಬಾರದು. ಒಪ್ಪಿದ್ರು, ಆದ್ರೆ ಪಂಪು ವಾಪಸ್ ಕೊಡೋಕೆ ಇನ್ನೂ ಎರಡು ವಾರ ತಗೊಂಡ್ರು, ಅದು ನನಗೆ ತಪ್ಪು ಅನ್ನಿಸಲಿಲ್ಲ. ಮಾವನ ಕಾಲಿನ ಗಾಯ ತೊಳೆದು ಕಟ್ಟಿದ ಕೈ ಅದು.

ಸವಾರಿ ದಿನ ಭರಮಸಾಗರದ ಹತ್ರ ಎದುರುಗಾಳಿ ಜೋರಿತ್ತಂತೆ, ದುರ್ಗದ ಕಡೆ ಗುಡ್ಡದ ಮೇಲೆಲ್ಲ ಕರೆಂಟ್ ಮಾಡೋ ಫ್ಯಾನ್ ಹಾಕಿರೋದೇ ಆ ಗಾಳಿಗೆ. ಮಿಷನ್ 66 ತೋರಿಸ್ತು. ಎರಡು ಸಲ ಗ್ಲುಕೋಸ್ ಕುಡಿದ ಮೇಲೆ 94ಕ್ಕೆ ಬಂತು, ಗೆಳೆಯರು ಕಾದಿದ್ರು, ಆದ್ರೂ ಅಣ್ಣಾರು ಮೈಯಾಕೋ ಸರಿಯಿಲ್ಲ ಅಂತ ತಾವೇ ಸೈಕಲ್‌ನ ಜೊತೆಗೆ ಬರ್ತಿದ್ದ ಟೆಂಪೋಗೆ ಹಾಕಿಸಿದ್ರು. ಕೋಟೆ ಬಾಗಿಲಿಗೆ ಟೆಂಪೋದಲ್ಲೇ ಹೋಗಿ ಇಳಿದಿದ್ದು.

ಮೊನ್ನೆ ಬಂದಾಗ ಅದನ್ನ ಹೇಳ್ತಾ ಕಣ್ಣು ತುಂಬ್ಕೊಂಡ್ರು, ಮುಂದಿನ ವರ್ಷ ಪೂರ್ತಿ ತುಳಿಯಾದೇ ಅಂದ್ರು. ಅಕ್ಕಾರು ಏನೂ ಅನ್ನಲಿಲ್ಲ. ಹೊರಡುವಾಗ ಹಿಂದೆ ಉಳಿದು, ರಾತ್ರಿ ಎರಡು ಗಂಟೆಗೆ ಎದ್ದು ಅವ್ರ ಹಣೆ ಬೆವರಿದೆಯಾ ಅಂತ ಮುಟ್ಟಿ ನೋಡೋದು ಇನ್ನೂ ಬಿಟ್ಟಿಲ್ಲ ಮೇಡಂ, ನಿದ್ದೆನೇ ಇಲ್ಲ ಅಂದ್ರು. ಮುಂದಿನ ಸಿಟ್ಟಿಂಗಿಗೆ ಅವ್ರೊಬ್ರನ್ನೇ ಬರೋಕೆ ಹೇಳಿದೀನಿ.