ಮಗ ಚರ್ಚ್‌ಗೆ ಬರಲ್ಲ ಅಂದ ಭಾನುವಾರ

ಪ್ರೀತಿಯ ಸಹೋದರಿಯವರಿಗೆ,

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಆದರೆ ಉಳಿದ ಓದುಗರಿಗೂ ವಿಷಯ ಗೊತ್ತಾಗಬೇಕಲ್ವಾ? ಹಾಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ.

ನಿಮ್ಮ ಮಗನಿಗೆ ಹತ್ತೊಂಬತ್ತು. ಓದಲು ಬೇರೆ ಊರಿಗೆ ಹೋಗಿ ಒಂದು ವರ್ಷವಾಯಿತು. ರಜೆಗೆ ಬಂದವನು ಭಾನುವಾರ ಬೆಳಿಗ್ಗೆ ಎದ್ದು ಕೂತು, 'ಅಮ್ಮ, ನಾನು ಬರಲ್ಲ. ನನಗೆ ನಂಬಿಕೆ ಇದೆಯೋ ಇಲ್ಲವೋ ನನಗೇ ಗೊತ್ತಾಗ್ತಿಲ್ಲ' ಅಂದ. ನಿಮ್ಮ ಯಜಮಾನರು, 'ಈ ಮನೆಯ ಅನ್ನ ತಿನ್ನೋವರೆಗೂ ಚರ್ಚ್‌ಗೆ ಬರಲೇಬೇಕು' ಅಂತ ಕೂಗಾಡಿದರು. ಮಗ ಬಂದ, ಕೊನೇ ಬೆಂಚಿನಲ್ಲಿ ಕೂತ, ಆಮೇಲೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಹದಿನಾಲ್ಕು ವರ್ಷದ ಮಗಳು ಎಲ್ಲವನ್ನೂ ನೋಡುತ್ತಿದ್ದಾಳೆ. ತಪ್ಪು ಯಾರದು, ಕಾಲೇಜಿನದೋ ಫೋನಿನದೋ ಗೆಳೆಯರದೋ, ಪಾಸ್ಟರನ್ನು ಕರೆಸಿ ಬುದ್ಧಿ ಹೇಳಿಸಬೇಕಾ ಅಂತ ಕೇಳಿದ್ದೀರಿ.

ಮೊದಲು ಒಂದು ಮಾತು. ಆ ಹುಡುಗ ಸುಳ್ಳು ಹೇಳಬಹುದಿತ್ತು. ತಲೆನೋವು ಅನ್ನಬಹುದಿತ್ತು. ಸುಮ್ನೆ ಬಂದು ಕೂತು, ಹಾಡಿ, ಊರಿಗೆ ವಾಪಸ್ ಹೋದ ಮೇಲೆ ಎಲ್ಲ ಬಿಟ್ಟುಬಿಡಬಹುದಿತ್ತು. ತುಂಬಾ ಮಕ್ಕಳು ಮಾಡುವುದು ಅದನ್ನೇ. ಅಪ್ಪ ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ಐದಾರು ವರ್ಷ ಆಗಿರುತ್ತದೆ. ನಿಮ್ಮವನು ಇದ್ದದ್ದನ್ನು ಇದ್ದ ಹಾಗೆ ನಿಮ್ಮ ಮುಂದೆ ಇಟ್ಟಿದ್ದಾನೆ. ಪತ್ರ ಓದುತ್ತಾ ನನಗೆ ಸ್ವಲ್ಪ ಸಮಾಧಾನವಾಗಿದ್ದು ಅಲ್ಲೇ.

'ಈ ಸೆಕ್ಯುಲರ್ ವಾತಾವರಣ' ಅಂತ ನೀವು ಮೂರು ಕಡೆ ಬರೆದಿದ್ದೀರಿ. ಸರ್ಕಾರ ಯಾವ ಧರ್ಮದ ಕಡೆಗೂ ವಾಲದೆ ಇರುವುದಕ್ಕೂ ಸೆಕ್ಯುಲರ್ ಅನ್ನುತ್ತೇವೆ. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ನಿಮ್ಮ ಮನಸ್ಸಿನಲ್ಲಿರುವುದು ಬೇರೆ: ಬೆಳಿಗ್ಗೆಯಿಂದ ರಾತ್ರಿವರೆಗೆ ದೇವರ ಮಾತೇ ಎತ್ತದೆ ಆರಾಮಾಗಿ ಕಳೆಯಬಹುದಾದ ಬದುಕು. ಕೆನಡಾದ ತತ್ವಶಾಸ್ತ್ರಜ್ಞ ಚಾರ್ಲ್ಸ್ ಟೇಲರ್ 2007ರಲ್ಲಿ ಇದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. 1500ರ ಸುಮಾರಿಗೆ ಯುರೋಪಿನಲ್ಲಿ ದೇವರನ್ನು ನಂಬದೆ ಇರುವುದು ಹೆಚ್ಚುಕಡಿಮೆ ಆಗದ ಮಾತು. ಈಗ ನಂಬುವುದು ಹಲವು ದಾರಿಗಳಲ್ಲಿ ಒಂದು, ಅದೂ ಸುಲಭದ ದಾರಿಯಲ್ಲ ಅನ್ನುತ್ತಾರೆ ಅವರು. ನಿಮ್ಮ ಮಗ ಹಾಸ್ಟೆಲಿನಲ್ಲಿ ಕಂಡದ್ದು ಇದನ್ನೇ. ಅವನ ರೂಮ್‌ಮೇಟ್ ಪ್ರಾರ್ಥನೆ ಮಾಡುವುದಿಲ್ಲ, ಆದರೂ ಒಳ್ಳೆಯವನು, ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದ ಅಂತ ನೀವೇ ಬರೆದಿದ್ದೀರಿ. ದೇವರಿಲ್ಲದವರೆಲ್ಲ ಕೆಟ್ಟವರು ಅಂತ ನಾವು ಹೇಳಿಕೊಟ್ಟಿದ್ದರೆ ಆ ಪಾಠ ಒಂದೇ ರಾತ್ರಿಯಲ್ಲಿ ಬಿದ್ದುಹೋಗುತ್ತದೆ. ಜೊತೆಗೆ ನಾವು ಹೇಳಿದ ಬಾಕಿ ಮಾತುಗಳ ಮೇಲೂ ಅನುಮಾನ ಹುಟ್ಟುತ್ತದೆ.

ಊರು ಬಿಟ್ಟ ಹುಡುಗರ ಚಿಂತೆ ಹೊಸದೂ ಅಲ್ಲ. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್ ಎಂಬ ಇಪ್ಪತ್ತೆರಡರ ಹುಡುಗ ಜೊತೆಗಾರರನ್ನು ಕೂಡಿಸಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘ ಕಟ್ಟಿದ್ದು ಇದೇ ಚಿಂತೆಯಿಂದ. ಇನ್ನೂ ಹಿಂದಕ್ಕೆ ಹೋದರೆ ಬೈಬಲ್ಲಿನ ದಾನಿಯೇಲ ಇದ್ದಾನೆ. ಸೆರೆಹಿಡಿದು ಒಯ್ದ ಬಾಬೆಲಿನವರು (ಬ್ಯಾಬಿಲೋನಿನವರು) ಅವನ ಹೆಸರನ್ನೇ ಬದಲಾಯಿಸಿದರು. ಅವರ ಭಾಷೆ, ಅವರ ಗ್ರಂಥ, ಮೂರು ವರ್ಷದ ಕೋರ್ಸು! ಅವನು ಅದೆಲ್ಲವನ್ನೂ ಚೆನ್ನಾಗಿಯೇ ಕಲಿತ. ಬೇಡ ಅಂದದ್ದು ರಾಜನ ಊಟವನ್ನು ಮಾತ್ರ, ಅದನ್ನೂ ಮೇಲ್ವಿಚಾರಕನ ಹತ್ತಿರ ಹತ್ತು ದಿನದ ಪರೀಕ್ಷೆ ಮಾಡಿ ನೋಡಿ ಅಂತ ವಿನಯದಿಂದ ಕೇಳಿಕೊಂಡ. ಹಾಗಾಗಿ ಕಾಲೇಜನ್ನು ದೂರಬೇಡಿ. ಫೋನಿನ ವಿಷಯ ಈ ಪುಟದಲ್ಲಿ ಸಾಕಷ್ಟು ಸಲ ಬಂದಿದೆ, ಮತ್ತೆ ಎತ್ತುವುದಿಲ್ಲ.

ಈಗ ಪಾಸ್ಟರನ್ನು ಕರೆಸುವ ಪ್ರಶ್ನೆ. ಇದಕ್ಕೆ, ಮುಂದೆ ಸಭೆಯ ದೊಡ್ಡ ಗುರುವಾದ ಅಗಸ್ಟೀನನ ತಾಯಿ ಮೋನಿಕಾಳ ಕಥೆ ಹೇಳಬೇಕು. ಅವಳ ಕಣ್ಣೀರಿನ ಬಗ್ಗೆ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಕೇಳದೆ ಇರುವ ಭಾಗ ನನಗೆ ಹೆಚ್ಚು ಇಷ್ಟ.

ಅಗಸ್ಟೀನನಿಗೂ ಆಗ ಸುಮಾರು ಹತ್ತೊಂಬತ್ತೇ. ಓದಲು ಉತ್ತರ ಆಫ್ರಿಕಾದ ಕಾರ್ತೇಜಿಗೆ ಹೋಗಿದ್ದವನು, ಲೋಕವೆಲ್ಲ ಬೆಳಕು ಕತ್ತಲೆಗಳ ಕಾದಾಟ ಅನ್ನುತ್ತಿದ್ದ ಮಾನಿ ಎಂಬವನ ಪಂಥಕ್ಕೆ ಸೇರಿಕೊಂಡ. ಮೋನಿಕಾ ಮೊದಲು ಮಾಡಿದ್ದೇನು ಗೊತ್ತಾ? ಮಗನನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ, ತನ್ನ ಜೊತೆ ಊಟಕ್ಕೆ ಕೂರಿಸಲಿಲ್ಲ. ನಿಮ್ಮ ಯಜಮಾನರ ಮಾತಿನ ಹಾಗೇ ಇದೆ ಅಲ್ವಾ? ಆಮೇಲೆ ಅವಳಿಗೆ ಒಂದು ಕನಸು ಬಿತ್ತು. ನೀನು ಇರುವ ಕಡೆಯೇ ಅವನೂ ಇದ್ದಾನೆ, ನೋಡು ಅಂತ ಕನಸಿನಲ್ಲಿ ಯಾರೋ ಹೇಳಿದರು. ಎದ್ದವಳು ಮಗನನ್ನು ಮತ್ತೆ ಮನೆಗೆ ಸೇರಿಸಿಕೊಂಡಳು. ಅವನು ಬದಲಾಗಿರಲಿಲ್ಲ. ಅವನ ವಾದಗಳು ಹಾಗೇ ಇದ್ದವು. ಆದರೂ ಊಟಕ್ಕೆ ಕೂರಿಸಿದಳು.

ಆಮೇಲೆ ಒಬ್ಬ ಬಿಷಪರ ಹತ್ತಿರ ಹೋಗಿ, ನನ್ನ ಮಗನ ಜೊತೆ ಮಾತಾಡಿ, ಅವನ ತಪ್ಪನ್ನು ತೋರಿಸಿಕೊಡಿ ಅಂತ ಬೇಡಿಕೊಂಡಳು. ಬಿಷಪರು ಒಪ್ಪಲಿಲ್ಲ! ಅವನಿನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ, ಹೊಸ ಹುರುಪಿನಲ್ಲಿದ್ದಾನೆ, ಅವನಷ್ಟಕ್ಕೆ ಬಿಡು, ದೇವರಿಗೆ ಪ್ರಾರ್ಥನೆ ಮಾಡು, ಓದುತ್ತಾ ಓದುತ್ತಾ ತಾನೇ ತಿಳಿದುಕೊಳ್ಳುತ್ತಾನೆ ಅಂದರು. ಆ ಬಿಷಪರೇ ಚಿಕ್ಕಂದಿನಲ್ಲಿ ಅದೇ ಪಂಥದವರ ನಡುವೆ ಬೆಳೆದವರು, ಅವರ ಪುಸ್ತಕಗಳನ್ನು ಓದಿಯೇ ಹೊರಗೆ ಬಂದವರು. ಮೋನಿಕಾ ಬಿಡದೆ ಅಳುತ್ತಲೇ ನಿಂತಾಗ ಅವರಿಗೆ ಬೇಜಾರೇ ಬಂತು. ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಲು ಸಾಧ್ಯವಿಲ್ಲ ಅಂದರು. ನಾವು ಆ ಕೊನೇ ಮಾತನ್ನು ಮಾತ್ರ ಹಿಡಿದುಕೊಂಡಿದ್ದೇವೆ. ವಾದಕ್ಕೆ ಇಳಿಯಲ್ಲ ಅಂದದ್ದನ್ನು ಮರೆತಿದ್ದೇವೆ.

383ರಲ್ಲಿ ಅಗಸ್ಟೀನ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮಿಗೆ ಹಡಗು ಹತ್ತಿದ. ಅಲ್ಲಿಂದ ಮಿಲಾನ್. ಮಿಲಾನಿನ ಬಿಷಪ್ ಅಂಬ್ರೋಸ್ ದೊಡ್ಡ ಮಾತುಗಾರ, ಆ ಮಾತಿನ ಕಲೆ ನೋಡಲೆಂದೇ ಇವನು ಅವರ ಪ್ರಸಂಗಕ್ಕೆ ಹೋಗುತ್ತಿದ್ದದ್ದು. ಆದರೆ ಅವರನ್ನು ಪ್ರೀತಿಸತೊಡಗಿದ್ದು ಅವರು ತನ್ನನ್ನು ಕರುಣೆಯಿಂದ ಕಂಡದ್ದಕ್ಕೆ, ಅವರು ಹೇಳುವುದು ಸತ್ಯ ಅಂತ ಆಗಿನ್ನೂ ಅನಿಸಿರಲಿಲ್ಲ ಅಂತ ತಾನೇ ಬರೆದಿದ್ದಾನೆ. ದೀಕ್ಷಾಸ್ನಾನ ಆದದ್ದು 387ರಲ್ಲಿ. ಹತ್ತೊಂಬತ್ತರಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ. ನೀವು ಎರಡು ವಾರಕ್ಕೇ ಸೋತು ಹೋದೆ ಅಂತ ಬರೆದಿದ್ದೀರಿ.

ಹಾಗಾಗಿ ಪಾಸ್ಟರನ್ನು ಈಗ ಕರೆಸಬೇಡಿ. ಮಗನೇ ಕೇಳಿದರೆ ಕರೆಸಿ. ಇಲ್ಲದಿದ್ದರೆ ಅವನಿಗೆ ಅದು ಪೊಲೀಸರನ್ನು ಕರೆಸಿದ ಹಾಗೆ ಕಾಣುತ್ತದೆ.

ನಿಮ್ಮ ಯಜಮಾನರಿಗೂ ಒಂದು ವಿಷಯ ಓದಿ ಹೇಳಿ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವರ್ನ್ ಬೆಂಗ್ಟ್‌ಸನ್ ಎಂಬ ಸಮಾಜಶಾಸ್ತ್ರಜ್ಞ 1970ರಲ್ಲಿ ಶುರುಮಾಡಿ, ಸುಮಾರು 350 ಕುಟುಂಬಗಳ 3,500ರಷ್ಟು ಜನರನ್ನು ಮೂವತ್ತೈದು ವರ್ಷ ಹಿಂಬಾಲಿಸಿದರು. ಅಜ್ಜ, ಅಪ್ಪ, ಮಗ, ಮೊಮ್ಮಗ, ಹೀಗೆ. ನಂಬಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಅಂತ ನೋಡುವುದೂ ಅದರ ಭಾಗವಾಗಿತ್ತು. ಅಪ್ಪ ಅಮ್ಮ ಎಷ್ಟು ಭಕ್ತರು ಅನ್ನುವುದರ ಜೊತೆಗೆ ಮಕ್ಕಳಿಗೆ ಅವರು ಎಷ್ಟು ಹತ್ತಿರ ಅನಿಸುತ್ತಿದ್ದರು ಅನ್ನುವುದು ದೊಡ್ಡ ವ್ಯತ್ಯಾಸ ಮಾಡಿತ್ತು. ಅದರಲ್ಲೂ ಅಪ್ಪ. ಭಕ್ತಿ ಇದ್ದೂ ದೂರವೇ ಉಳಿದ ಅಪ್ಪನ ನಂಬಿಕೆ ಮಕ್ಕಳಿಗೆ ಅಷ್ಟಾಗಿ ಇಳಿಯಲಿಲ್ಲ. ನಿಮ್ಮ ಯಜಮಾನರು ಕೂಗಾಡಿದ್ದು ಹೆದರಿಕೆಯಿಂದ ಅಂತ ನನಗೆ ಗೊತ್ತು, ಮಗನಿಗೆ ಗೊತ್ತಿಲ್ಲ. 'ಅವತ್ತು ನನಗೆ ಭಯ ಆಯ್ತು ಕಣೋ, ಅದಕ್ಕೇ ಕೂಗಿದೆ' ಅಂತ ಅವರೇ ಹೇಳಲಿ. ಅಪ್ಪಂದಿರಿಗೆ ಈ ಒಂದು ವಾಕ್ಯ ಒಂದು ಗಂಟೆಯ ಪ್ರಸಂಗಕ್ಕಿಂತ ಕಷ್ಟ. ನಾನೂ ಅಪ್ಪನೇ, ಗೊತ್ತು.

ಮಗನ ಪ್ರಶ್ನೆಗಳ ವಿಷಯ. ಸೃಷ್ಟಿಯ ಬಗ್ಗೆ ಕೇಳಿದಾಗ ನಿಮ್ಮ ಸಭೆಯ ಒಬ್ಬರು 'ಬಿಗ್ ಬ್ಯಾಂಗ್ ಎಲ್ಲ ನಾಸ್ತಿಕರ ಕಟ್ಟುಕಥೆ' ಅಂದರಂತೆ. ದಯವಿಟ್ಟು ಇಂಥ ಉತ್ತರ ಕೊಡಬೇಡಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದು, ಎಲ್ಲವೂ ಒಂದು ಆದಿಯ ಅಣುವಿನಿಂದ ಶುರುವಾಗಿರಬೇಕು ಅಂತ 1931ರಲ್ಲಿ ಹೇಳಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ಹುಡುಗ ಇದನ್ನು ಎರಡು ನಿಮಿಷದಲ್ಲಿ ಹುಡುಕಿಕೊಳ್ಳುತ್ತಾನೆ. ಆಮೇಲೆ ಪುನರುತ್ಥಾನದ ಬಗ್ಗೆ ನಾವು ಹೇಳುವುದನ್ನು ಯಾಕೆ ನಂಬಬೇಕು? ಇದೂ ನನ್ನ ಮಾತಲ್ಲ. ಆಕಾಶ, ನಕ್ಷತ್ರಗಳ ವಿಷಯದಲ್ಲಿ ಬೈಬಲ್ ಹಿಡಿದುಕೊಂಡು ಅಸಂಬದ್ಧ ಮಾತಾಡುವ ಕ್ರೈಸ್ತರನ್ನು ಇದೇ ಕಾರಣಕ್ಕೆ ಗದರಿದವನು ಮತ್ತದೇ ಅಗಸ್ಟೀನ.

ಉತ್ತರ ಗೊತ್ತಿಲ್ಲದಿದ್ದರೆ? ನನಗೆ ಹದಿನೇಳು ಇದ್ದಾಗ ಯುವಜನರ ಕೂಟದಲ್ಲಿ, ಜಲಪ್ರಳಯದಲ್ಲಿ ಸತ್ತ ಕೂಸುಗಳು ಏನು ತಪ್ಪು ಮಾಡಿದ್ದವು ಅಂತ ಕೇಳಿದ್ದೆ. ನಡೆಸುತ್ತಿದ್ದವರು ನನ್ನ ತಲೆ ಮೇಲೆ ಕೈಯಿಟ್ಟು, ಸಂಶಯದ ಆತ್ಮ ತೊಲಗಲಿ ಅಂತ ಎಲ್ಲರೆದುರು ಪ್ರಾರ್ಥನೆ ಮಾಡಿಬಿಟ್ಟರು. ಕಿವಿ ಕೆಂಪಾಗಿ ಹೊರಗೆ ಬಂದೆ. ಹಿಂದುಗಡೆ ಒಬ್ಬ ಹಿರಿಯರು ಮುರಿದ ಬೆಂಚಿಗೆ ಮೊಳೆ ಹೊಡೆಯುತ್ತಿದ್ದರು. 'ಈ ಕಾಲು ಹಿಡ್ಕೋ' ಅಂದರು. ಹಿಡಿದುಕೊಂಡೆ. ಏನಾಯ್ತು ಅಂತ ಕೇಳಿದರು, ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟು, ತಮ್ಮ ಬೈಬಲ್ಲಿನ ಕೊನೆಯ ಖಾಲಿ ಹಾಳೆ ತೆಗೆದು, ಪೆನ್ಸಿಲಿನಲ್ಲಿ ನನ್ನ ಪ್ರಶ್ನೆ ಬರೆದುಕೊಂಡರು. ಅಲ್ಲಿ ಆಗಲೇ ನಾಲ್ಕೈದು ಪ್ರಶ್ನೆ ಇದ್ದವು. ಎಲ್ಲವೂ ಅವರವೇ. ಒಂದರ ಮುಂದೆ ಅವರ ತೀರಿಹೋದ ಮಗಳ ಹೆಸರಿತ್ತು. 'ನನಗೂ ಗೊತ್ತಿಲ್ಲಪ್ಪ' ಅಂದು ಮತ್ತೆ ಮೊಳೆ ಹೊಡೆಯಲು ಕೂತರು. ಪ್ರಶ್ನೆ ಇಟ್ಟುಕೊಂಡೇ ಪ್ರತಿ ಭಾನುವಾರ ಬಂದು ಮೊದಲ ಸಾಲಿನಲ್ಲಿ ಕೂರುವ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಅವರ ಪಕ್ಕದಲ್ಲಿ ಬೆಂಚಿನ ಕಾಲು ಹಿಡಿದುಕೊಂಡೇ ಆ ವರ್ಷ ಕಳೆದೆ.

ಯೇಸುವಿನ ಶಿಷ್ಯ ತೋಮನ ಕಥೆಯಲ್ಲೂ ನನಗೆ ಇಷ್ಟವಾಗುವುದು ಇಂಥದ್ದೇ ಒಂದು ಸಣ್ಣ ವಿವರ. ಯೇಸು ಸತ್ತು ಎದ್ದುಬಂದದ್ದನ್ನು ನಾನು ನಂಬುವುದೇ ಇಲ್ಲ ಅಂದವನು ಎಂಟು ದಿನದ ಮೇಲೂ ಅದೇ ಮನೆಯಲ್ಲಿ ಉಳಿದ ಶಿಷ್ಯರ ಜೊತೆಗೇ ಇದ್ದ. ಯಾರೂ ಅವನನ್ನು ಹೊರಗೆ ಹಾಕಿರಲಿಲ್ಲ. ಅದಕ್ಕೇ ಯೇಸು ಬಂದಾಗ ಸಿಕ್ಕ.

ನಮ್ಮ ಸಭೆಗಳ ಬಗ್ಗೆಯೂ ಹೇಳದೆ ಇರಲಾಗದು. ಯುವಕರು ಅಂದರೆ ನಮಗೆ ಗಿಟಾರ್, ಮೈಕು, ಕುರ್ಚಿ ಜೋಡಿಸುವುದು. ಒಂದು ದುಡ್ಡಿನ ಲೆಕ್ಕಕ್ಕೆ, ಒಂದು ತೀರ್ಮಾನಕ್ಕೆ ಅವರನ್ನು ಕೂರಿಸಿಕೊಂಡಿದ್ದೇವಾ? ನಾಯಕರ ತಪ್ಪು ಹೊರಗೆ ಬಂದಾಗ ಮುಚ್ಚಿಹಾಕುವುದನ್ನೂ ಅವರು ನೋಡುತ್ತಾರೆ. ಎಷ್ಟೋ ಮಕ್ಕಳು ದೇವರಿಗಿಂತ ಮೊದಲು ನಮ್ಮನ್ನು ನಂಬುವುದು ಬಿಟ್ಟಿರುತ್ತಾರೆ.

ಮಗಳ ವಿಷಯಕ್ಕೆ ಹೊಸದಾಗಿ ಏನೂ ಶುರುಮಾಡಬೇಡಿ. ಅಣ್ಣನಿಗೆ ಸಿಗುವ ಮರ್ಯಾದೆಯೇ ಅವಳಿಗೆ ಪಾಠ. ಬೈಬಲ್ಲಿನ ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ದೇವರ ಮಾತುಗಳನ್ನು ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಿ ಅನ್ನುತ್ತದೆ. ಪ್ರಾರ್ಥನೆಗೆ ಗಂಟೆ ಹೊಡೆದು ಕೂರಿಸಿದಾಗ ಮಾತ್ರ ಅನ್ನುವುದಿಲ್ಲ. ಬಸ್ಸಿಗೆ ಕಾಯುವಾಗ, 'ಈ ವಾರ ನನಗೆ ಪ್ರಾರ್ಥನೆ ಮಾಡೋಕೇ ಆಗಲಿಲ್ಲ, ಮನಸ್ಸೇ ಇರಲಿಲ್ಲ' ಅಂತ ನೀವು ಅವಳ ಹತ್ತಿರ ಹೇಳಿ ನೋಡಿ. ಅವಳು ಏನು ಹೇಳುತ್ತಾಳೆ ಅಂತ ನನಗೂ ಬರೆಯಿರಿ.

ಮುಂದಿನ ಭಾನುವಾರ ಮಗನನ್ನು ಒಂದೇ ಸಲ ಕರೆಯಿರಿ. ಬರಲ್ಲ ಅಂದರೆ ಸರಿ ಅನ್ನಿ, ನೀವು ಹೋಗಿ ಬನ್ನಿ. ಬಂದ ಮೇಲೆ ಮುಖ ಊದಿಸಿಕೊಳ್ಳಬೇಡಿ, ಅವತ್ತಿನ ಊಟವೂ ಎಲ್ಲ ಭಾನುವಾರದ ಹಾಗೇ ಇರಲಿ. ಅವನು ಓದುವ ಊರಿನಲ್ಲಿ ಪರಿಚಯದ ಒಂದು ಕ್ರೈಸ್ತ ಕುಟುಂಬ ಇದ್ದರೆ, ಅವನನ್ನು ಕೇಳಿ, ಅವನು ಹ್ಞೂಂ ಅಂದರೆ ನಂಬರ್ ಕೊಡಿ. ಅವನ ಬೆನ್ನ ಹಿಂದೆ ಅವರಿಗೆ ಫೋನ್ ಮಾಡಿ 'ಸ್ವಲ್ಪ ನೋಡಿಕೊಳ್ಳಿ' ಅನ್ನಬೇಡಿ.

ಪತ್ರದ ಕೊನೆಯಲ್ಲಿ, ಅವನಿಗೆ ಗೊತ್ತಾಗದ ಹಾಗೆ ಬ್ಯಾಗಿನ ತಳದಲ್ಲಿ ಬೈಬಲ್ ಇಟ್ಟು ಕಳಿಸಲಾ ಅಂತ ಕೇಳಿದ್ದೀರಿ. ಬೇಡ. ಬಟ್ಟೆ ಮಡಿಸುವಾಗ ಅವನೂ ಪಕ್ಕದಲ್ಲೇ ಇರುತ್ತಾನಲ್ಲ, ಕೈಯಲ್ಲಿ ಹಿಡಿದು, 'ಇದನ್ನ ಇಡಲಾ?' ಅಂತ ಕೇಳಿ. ಬೇಡ ಅಂದರೆ ವಾಪಸ್ ಅವನ ಕಪಾಟಿನಲ್ಲೇ ಇಡಿ, ಅವನಿಗೆ ಕಾಣುವ ಕಡೆ. ಆಮೇಲೆ ಶರ್ಟು ಮಡಿಸುವುದನ್ನು ಮುಂದುವರಿಸಿ.

ಕ್ರಿಸ್ತನಲ್ಲಿ ನಿಮ್ಮ,
ಸಂಪಾದಕ