ಮಾತು ಕಡಿಮೆ ಇರುವ ಮಗಳನ್ನು ಡೆಕಾ ಕ್ಲಬ್ಬಿಗೆ ಸೇರಿಸಬಹುದಾ?

ಬೆಂಗಳೂರಿನಿಂದ ಅಮೆರಿಕಕ್ಕೆ ಬಂದು ಆರು ತಿಂಗಳಾಗಿದೆ, ಮಗಳು ಒಂಬತ್ತನೇ ಕ್ಲಾಸ್, ಮಾತು ಕಡಿಮೆ, ಶಾಲೆಯ ಡೆಕಾ ಕ್ಲಬ್ಬಿಗೆ (ವ್ಯಾಪಾರದ ವಿಷಯಗಳಲ್ಲಿ ಸ್ಪರ್ಧೆ ನಡೆಸುವ ವಿದ್ಯಾರ್ಥಿ ಸಂಘ) ಸೇರಿಸಬೇಕಾ, ಕಾಲೇಜ್ ಅಡ್ಮಿಷನ್‌ಗೆ ಅದರಿಂದ ಲಾಭ ಇದೆಯಾ ಅಂತ ಕೇಳಿದ್ದೀರಿ. ಸೇರಿಸಿ. ಅಡ್ಮಿಷನ್ ವಿಷಯ ಸದ್ಯಕ್ಕೆ ಮರೆತುಬಿಡಿ.

ನನ್ನ ಮಗ ಮೂರು ವರ್ಷ ಡೆಕಾದಲ್ಲಿದ್ದ. ಅವನ ದೆಸೆಯಿಂದ ನಾನೂ ಎರಡು ಸಲ ಅದರ ಸ್ಪರ್ಧೆಗಳಲ್ಲಿ ಜಡ್ಜ್ ಆಗಿ ಕೂತಿದ್ದೇನೆ. ನಾನೇನು ವ್ಯಾಪಾರಸ್ಥನಲ್ಲ, ಸಾಫ್ಟ್‌ವೇರ್‌ನವನು. ಜಡ್ಜ್‌ಗಳು ಸಾಲದೆ ಬಂದಾಗ ನಮ್ಮಂಥ ಅಪ್ಪ ಅಮ್ಮಂದಿರನ್ನೂ ಕರೆಯುತ್ತಾರೆ. ಸ್ವಂತ ಮಕ್ಕಳ ಟೇಬಲ್ಲಿಗೆ ಮಾತ್ರ ಹಾಕುವುದಿಲ್ಲ.

ಡೆಕಾ ಶುರುವಾಗಿದ್ದು 1946ರಲ್ಲಿ. ಹಳೆಯ ಪೂರ್ತಿ ಹೆಸರು ಡಿಸ್ಟ್ರಿಬ್ಯೂಟಿವ್ ಎಜುಕೇಷನ್ ಕ್ಲಬ್ಸ್ ಆಫ್ ಅಮೆರಿಕ. ಅಂದರೆ ಅಂಗಡಿ, ಮಾರಾಟದ ಕೆಲಸ ಕಲಿಯುತ್ತಿದ್ದ ಮಕ್ಕಳ ಸಂಘ. ಈಗ ಫೈನಾನ್ಸ್, ಹೋಟೆಲ್, ಮಾರ್ಕೆಟಿಂಗ್ ಎಲ್ಲ ಸೇರಿಕೊಂಡಿದೆ, ಆದರೆ ಆ ಅಂಗಡಿಯ ಗುಣ ಹೋಗಿಲ್ಲ. ಎದುರಿಗೆ ಒಬ್ಬ ಗಿರಾಕಿಯೋ ಮ್ಯಾನೇಜರೋ ಕೂತಿರುತ್ತಾನೆ, ಅವನ ಹತ್ತಿರ ಮಾತಾಡಬೇಕು. ಇದಕ್ಕೆ ರೋಲ್ ಪ್ಲೇ ಅನ್ನುತ್ತಾರೆ.

ಮೊದಲ ವರ್ಷದವರಿಗೆ ಅಂತಲೇ ಪ್ರಿನ್ಸಿಪಲ್ಸ್ ಅನ್ನುವ ವಿಭಾಗ ಇದೆ. 100 ಪ್ರಶ್ನೆಗಳ ಒಂದು ಪರೀಕ್ಷೆ, ಜೊತೆಗೆ ರೋಲ್ ಪ್ಲೇ. ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಸಂದರ್ಭ ಒಂದು, ವಿವರಿಸಬೇಕಾದ ಅಂಶಗಳು ನಾಲ್ಕು. ಓದಿ ತಯಾರಾಗಲು 10 ನಿಮಿಷ, ಜಡ್ಜ್ ಮುಂದೆ 10 ನಿಮಿಷ.

ನಾನು ಕೂತಿದ್ದು ಒಂದು ಹೋಟೆಲಿನ ದೊಡ್ಡ ಹಾಲಿನಲ್ಲಿ. ಸಾಲು ಸಾಲು ಟೇಬಲ್, ಎಲ್ಲ ಟೇಬಲ್ಲಲ್ಲೂ ಒಟ್ಟಿಗೆ ಮಾತು. ಥೇಟ್ ಮದುವೆ ಊಟದ ಗಲಾಟೆ. ಒಬ್ಬ ಹುಡುಗಿ ಬಂದಳು. ಕೈ ಕುಲುಕಿದಾಗ ಅಂಗೈ ಒದ್ದೆ. ಹೆಸರು ಹೇಳಿದಳು, ಕೂತಳು, ಹಾಳೆ ನೋಡಿದಳು. ಮಾತೇ ಹೊರಡಲಿಲ್ಲ. ನಾನು ಸಹಾಯ ಮಾಡುವ ಹಾಗಿಲ್ಲ, ನನ್ನ ಪಾತ್ರ ಅಂಗಡಿ ಮಾಲೀಕನದ್ದು. ಅರ್ಧ ನಿಮಿಷವಾದರೂ ಆಗಿರಬೇಕು. ಆಮೇಲೆ ಹಾಳೆ ಮಗುಚಿಟ್ಟು, "ಮೊದಲಿಂದ ಶುರು ಮಾಡಲಾ?" ಅಂದಳು. ಎದ್ದು ಮತ್ತೆ ಕೈ ಕೊಟ್ಟಳು, ಮತ್ತೆ ಹೆಸರು ಹೇಳಿದಳು. ಈ ಸಲ ನಾಲ್ಕರಲ್ಲಿ ಮೂರು ಅಂಶ ಚೆನ್ನಾಗಿಯೇ ಹೇಳಿದಳು. ಅವಳಿಗೆ ಬಹುಮಾನ ಬರಲಿಲ್ಲ ಅನ್ನಿಸುತ್ತೆ, ನನ್ನ ಹಾಳೆಯಲ್ಲೇ ಅವಳಿಗಿಂತ ಜಾಸ್ತಿ ಅಂಕದವರು ಐದಾರು ಜನ ಇದ್ದರು. ಅವರ ಮುಖ ಒಂದೂ ನೆನಪಿಲ್ಲ.

ನಮ್ಮ ಮಕ್ಕಳ ಕಥೆ ಏನು ಗೊತ್ತಾ? ಪರೀಕ್ಷೆಯಲ್ಲಿ ಬಾಯಿಪಾಠ ಹೊಡೆದು ಚೆನ್ನಾಗಿ ಅಂಕ ತೆಗೆಯುತ್ತಾರೆ, ಟೇಬಲ್ಲಿನ ಮುಂದೆ ಮುಳುಗುತ್ತಾರೆ. ನನ್ನ ಮಗ ಮೊದಲ ಸಲ ಹತ್ತು ನಿಮಿಷದ ಮಾತನ್ನು ಎರಡೇ ನಿಮಿಷಕ್ಕೆ ಮುಗಿಸಿ ಎದ್ದು ಬಂದಿದ್ದ. ನನ್ನದೇ ಕೋಟು ಹಾಕಿಕೊಂಡು ಹೋಗಿದ್ದ, ತೋಳು ಬೆರಳಿನ ತನಕ ಇಳಿದಿತ್ತು. ವಾಪಸ್ ಬರುವಾಗ ಕಾರಿನಲ್ಲಿ ಒಂದು ಮಾತೂ ಇಲ್ಲ. ಆಮೇಲೆ ಮನೆಯಲ್ಲಿ ಅಭ್ಯಾಸ ಶುರು ಮಾಡಿದೆವು. ನನ್ನ ಹೆಂಡತಿ ಸಿಟ್ಟಿಗೆದ್ದ ಗಿರಾಕಿ. "ರೂಮಿನಲ್ಲಿ ಬಿಸಿನೀರಿಲ್ಲ, ದುಡ್ಡು ವಾಪಸ್ ಕೊಡಿ" ಅಂತ ಕನ್ನಡದಲ್ಲೇ ಕೂಗಾಡುತ್ತಿದ್ದಳು. ಅವನು ನಗದೆ ಸಮಾಧಾನ ಮಾಡಬೇಕು. ಕನ್ನಡದಲ್ಲಿ ಪಳಗಿದ ಮೇಲೆ ಇಂಗ್ಲಿಷಿನಲ್ಲಿ ತಾನಾಗಿಯೇ ಬಂತು. ನಿಮ್ಮ ಮಗಳಿಗೂ ಹೀಗೇ ಮಾಡಿ ನೋಡಿ. ಹೊಸ ದೇಶ, ಹೊಸ ಉಚ್ಚಾರಣೆ, ಪಾಪ, ಬಾಯಿ ಕಟ್ಟಿದಂತೆ ಆಗಿರುತ್ತೆ.

ಒಂಟಿಯಾಗಿ ಹೋಗಲು ಭಯ ಅಂದರೆ ಮುಂದಿನ ವರ್ಷ ಇಬ್ಬರ ತಂಡದ ಸ್ಪರ್ಧೆ ಇದೆ. ತಯಾರಿಗೆ 30 ನಿಮಿಷ ಸಿಗುತ್ತೆ. ನನ್ನ ಮಗ ಸುಧಾರಿಸಿದ್ದು ಅದರಲ್ಲೇ.

ಕ್ಲಬ್ಬಿನ ಹುದ್ದೆಗಳ ಹಿಂದೆ ಮಾತ್ರ ಓಡಿಸಬೇಡಿ. ಕೆಲವು ಶಾಲೆಗಳಲ್ಲಿ ಪ್ರೆಸಿಡೆಂಟು, ಹಲವು ವೈಸ್ ಪ್ರೆಸಿಡೆಂಟುಗಳು, ಅದರ ಕೆಳಗೆ ಡೈರೆಕ್ಟರುಗಳು. ಕೆಲಸ ಮಾಡುವವರು ಇಬ್ಬರೋ ಮೂವರೋ. ಅಪ್ಲಿಕೇಷನ್ನಿಗೆ ಒಂದು ಸಾಲು ಸಿಗಲಿ ಅಂತಲೇ ನಡೆಯುವ ನಾಟಕ ಇದು, ಅಲ್ವಾ?

ನಿಮ್ಮ ಶಾಲೆಯಲ್ಲಿ ಎಫ್‌ಬಿಎಲ್‌ಎ ಇದ್ದರೆ ಅದನ್ನೂ ನೋಡಿ. ಫ್ಯೂಚರ್ ಬಿಸಿನೆಸ್ ಲೀಡರ್ಸ್ ಆಫ್ ಅಮೆರಿಕ ಅಂತ. ಅಲ್ಲಿ ಅಕೌಂಟಿಂಗ್, ಕೋಡಿಂಗ್ ಕಡೆಯ ಸ್ಪರ್ಧೆಗಳೂ ಇವೆ, ಬರೀ ಪರೀಕ್ಷೆ ಬರೆದು ಬರುವಂಥವೂ ಸಾಕಷ್ಟಿವೆ. ನಿಮ್ಮ ಮಗಳು ಅಲ್ಲಿ ಹಾಯಾಗಿರಬಹುದು. ಆದರೆ ನೀವು ಮಾತಿನ ಬಗ್ಗೆ ಕೇಳಿದ್ದರಿಂದ ನನ್ನ ಓಟು ಡೆಕಾಗೆ.

ಖರ್ಚಿನ ವಿಷಯ. ಸದಸ್ಯತ್ವದ ಶುಲ್ಕ ದೊಡ್ಡದಲ್ಲ. ರಾಜ್ಯಮಟ್ಟಕ್ಕೆ ಹೋದರೆ ಹೋಟೆಲ್, ಬಸ್ಸು ಅಂತ ಬಿಲ್ ಏರುತ್ತೆ. ಏಪ್ರಿಲ್ ಹೊತ್ತಿಗೆ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗೆ ವಿಮಾನದ ಟಿಕೆಟ್ಟೂ ಸೇರಬಹುದು. ನಮ್ಮವನು ಅಲ್ಲಿತನಕ ಹೋಗಲಿಲ್ಲ, ನಮ್ಮ ಜೇಬು ಬಚಾವಾಯಿತು. ಕಷ್ಟ ಇದ್ದರೆ ಕ್ಲಬ್ಬಿನ ಅಡ್ವೈಸರ್ ಟೀಚರ್ ಹತ್ತಿರ ಮೊದಲೇ ಹೇಳಿ, ನಾಚಿಕೆ ಬೇಡ. ಡೆಕಾದ ನೀಲಿ ಕೋಟನ್ನು ಈಗಲೇ ಕೊಳ್ಳಬೇಡಿ, ಮೊದಲ ಸ್ಪರ್ಧೆಗೆ ಇರುವ ಒಳ್ಳೆಯ ಬಟ್ಟೆ ಸಾಕು. ಕೆಲವು ಶಾಲೆಗಳಲ್ಲಿ ಬಿಸಿನೆಸ್ ಕ್ಲಾಸ್ ತೆಗೆದುಕೊಂಡಿದ್ದರೆ ಮಾತ್ರ ಸೇರಿಸಿಕೊಳ್ಳುತ್ತಾರೆ, ಅದನ್ನೂ ಆ ಟೀಚರನ್ನೇ ಕೇಳಿ. ಕೇಳುವುದು ನೀವಲ್ಲ, ಮಗಳೇ ಹೋಗಿ ಕೇಳಲಿ.