ಪ್ರತಿಕ್ರಿಯೆ: ಕೇಬಲ್ ಮೇಲೆ ಉಳಿಯುವ ಟೇಪಿನ ಅಂಟು

ನೀವು ಮಾರಿದ ಟೇಪನ್ನು ಕಿತ್ತ ಮೇಲೆ ಕೇಬಲ್‌ಗಳಲ್ಲಿ ಅಂಟು ಉಳಿಯುತ್ತದೆ ಎಂದು ವೇದಿಕೆ ತಂಡದವರು ದೂರುತ್ತಿರುವುದಕ್ಕೆ, ಬಹುಮಟ್ಟಿಗೆ, ಗ್ಯಾಫರ್ ಟೇಪಿನ (ವೇದಿಕೆಯಲ್ಲಿ ಕೇಬಲ್ ಹಿಡಿದಿಡಲು ಬಳಸುವ ಬಟ್ಟೆಯ ಟೇಪ್) ಬದಲು ಡಕ್ಟ್ ಟೇಪ್ (ಪ್ಲಾಸ್ಟಿಕ್ ಪದರವಿರುವ, ಗಟ್ಟಿಯಾಗಿ ಮೆತ್ತುವ ಟೇಪ್) ಪೂರೈಕೆಯಾಗಿರುವುದೇ ಕಾರಣ. ಮೊದಲು ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ: ಗ್ಯಾಫರ್ ಟೇಪಿನ ಮೇಲ್ಮೈ ನೇಯ್ದ ಬಟ್ಟೆಯಂತೆ ಮಂಕಾಗಿರುತ್ತದೆ, ಡಕ್ಟ್ ಟೇಪಿನ ಪಾಲಿಥೀನ್ ಪದರ ಹೊಳೆಯುತ್ತದೆ. ಆಮೇಲೆ ಎರಡನ್ನೂ ಹಳೆಯ ಕೇಬಲ್ಲಿಗೆ ಸುತ್ತಿ, ಒಂದು ದಿನ ಬಿಸಿಲಿನಲ್ಲಿಟ್ಟು ಕಿತ್ತು ಹೋಲಿಸಿ. ಗ್ಯಾಫರ್ ಕೂಡ ದೀಪಗಳ ಬಿಸಿಯಲ್ಲಿ ವಾರಗಟ್ಟಲೆ ಇದ್ದರೆ ಕೇಬಲ್ ಮೇಲೆ ಅಂಟು ಉಳಿಸಬಹುದಾದ್ದರಿಂದ, ಅಂಟು ಉಳಿಯುವುದೇ ಇಲ್ಲವೆಂದು ಗ್ರಾಹಕರಿಗೆ ಮಾತು ಕೊಡಬೇಡಿ. ಈಗಾಗಲೇ ಮೆತ್ತಿರುವ ಅಂಟನ್ನು, ವಿದ್ಯುತ್ ಸಂಪರ್ಕ ತೆಗೆದ ನಂತರ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಬಹುದು. ಮುಂದೆ ಗ್ಯಾಫರ್ ಟೇಪಿನ 48 ಮಿ.ಮೀ. ಅಗಲದ ಕಪ್ಪು ಸುರುಳಿಗಳನ್ನೇ ಹೆಚ್ಚು ತರಿಸಿ. ನಟರು ನಿಲ್ಲುವ ಜಾಗ ಗುರುತಿಸಲು ಬಳಸುವ 12 ಮಿ.ಮೀ. ಬಣ್ಣದ ಸುರುಳಿಗಳು ಕೆಲವೇ ಸಾಕು.